ಕೇರಿಯೂ ಒಂದು ಕಾರಣ

ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರವರು ಕರೆಯುವುದು ಮಿಷನ್ ಆಸ್ಪತ್ರೆ ಎಂದು. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಅಳೆದು ರಿಜಿಸ್ಟರಿನಲ್ಲಿ ಬರೆದಿಡುವ ರೂಢಿಯಿತ್ತು. ಮುಂದೊಂದು ದಿನ ಯಾರಾದರೂ ಇದನ್ನು ತೆರೆದು ಓದುತ್ತಾರೆ ಎಂದು ಬರೆದದ್ದಲ್ಲ; ಹೆರಿಗೆ ವಾರ್ಡಿನ ಶಿಸ್ತು ಹಾಗಿತ್ತು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯೆ ಕ್ಯಾರೊಲಿನ್ ಫಾಲ್ ಮತ್ತು ಅವರ ಜೊತೆಗಾರರು ಆ ಹಳೆಯ ರಿಜಿಸ್ಟರುಗಳನ್ನು ಹಿಡಿದು, ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆ ತಿರುಗಿ, ಅಲ್ಲೇ ಹುಟ್ಟಿ ಆಗ ನಡುವಯಸ್ಸಿಗೆ ಬಂದಿದ್ದ ಐನೂರಕ್ಕೂ ಹೆಚ್ಚು ಜನರನ್ನು ಪತ್ತೆ ಮಾಡಿದರು.

ಮೊದಲು ನೋಡಿದ್ದು ಹೃದಯದ ಕಾಯಿಲೆಯನ್ನು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ಮೇಲ್ಪಟ್ಟವರಲ್ಲಿ ನೂರಕ್ಕೆ 3. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಬೇರೆ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿ ಸಣ್ಣಗೆ ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಹೆಚ್ಚು ಎಂದು ಅದಾಗಲೇ ಗೊತ್ತಾಗಿತ್ತು. ಮೈಸೂರಿನಲ್ಲಿ ಕಾಯಿಲೆ ಹೆಚ್ಚಾಗಿ ಕಂಡದ್ದು, ಹುಟ್ಟುವಾಗ ಉದ್ದದಲ್ಲಿ ಗಿಡ್ಡ, ಆ ಉದ್ದಕ್ಕೆ ಹೋಲಿಸಿದರೆ ದಪ್ಪ ಇದ್ದವರಲ್ಲಿ. ಅವರ ತಾಯಂದಿರು ಬಸುರಿನಲ್ಲಿ ಉಳಿದವರಿಗಿಂತ ಹೆಚ್ಚು ತೂಗುತ್ತಿದ್ದರು. ಬಸುರಿಯಾಗಿದ್ದಾಗ ತಾಯಿಯ ರಕ್ತದಲ್ಲೇ ಸಕ್ಕರೆ ಏರಿತ್ತೇ, ಅದರ ಗುರುತು ಮಗುವಿನ ಮೈಮೇಲೆ ಬಿದ್ದಿತ್ತೇ ಎಂಬ ಅನುಮಾನ ಹುಟ್ಟಿದ್ದು ಹೀಗೆ.

ಆ ಅನುಮಾನವನ್ನು ಹಿಡಿದು 1997–98ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಎಂಬ ಹೆಸರಿನ ಅಧ್ಯಯನ ಆರಂಭವಾಯಿತು. 830 ಬಸುರಿಯರು ಸೇರಿದರು. ಸಕ್ಕರೆ ಪರೀಕ್ಷೆ ಮಾಡಿಸಿಕೊಂಡವರಲ್ಲಿ ನೂರಕ್ಕೆ 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಇತ್ತು. ಮೈಸೂರಿನ ವೈದ್ಯೆ ಜಿ.ವಿ. ಕೃಷ್ಣವೇಣಿ ಮತ್ತು ಅವರ ತಂಡ ಹುಟ್ಟಿದ ಮಕ್ಕಳನ್ನು ಬಿಡದೆ ಹಿಂಬಾಲಿಸಿತು. ಐದನೇ ವರ್ಷಕ್ಕೇ, ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು, ರಕ್ತದಲ್ಲಿ ಇನ್ಸುಲಿನ್ ಹೆಚ್ಚು. ಒಂಬತ್ತೂವರೆ ವರ್ಷದ ಹೊತ್ತಿಗೆ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು, ಗಂಡುಮಕ್ಕಳಲ್ಲೂ ಕಾಣತೊಡಗಿತು. ತಂದೆಗೆ ಮಾತ್ರ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಇದು ಅಷ್ಟಾಗಿ ಕಾಣಲಿಲ್ಲ. ಈ ಕೊನೆಯ ಸಂಗತಿಯ ತೂಕ ದೊಡ್ಡದು. ಬರೀ ವಂಶವಾಹಿಯ ಮಾತಾಗಿದ್ದರೆ ಅಪ್ಪನ ಕಡೆಯಿಂದಲೂ ಅಷ್ಟೇ ಬರಬೇಕಿತ್ತು. ತಾಯಿಯಿಂದ ಹೆಚ್ಚು ಬಂದಿದೆ ಎಂದರೆ ಒಂಬತ್ತು ತಿಂಗಳು ಮಗು ಇದ್ದ ಜಾಗದಲ್ಲಿ ಏನೋ ನಡೆದಿದೆ.

ಆ ತಾಯಿ ಏನು ಉಣ್ಣುತ್ತಾಳೆ, ಎಷ್ಟು ದುಡಿಯುತ್ತಾಳೆ, ಯಾವ ಹೊಗೆ ಕುಡಿಯುತ್ತಾಳೆ, ರಕ್ತ ಪರೀಕ್ಷೆಗೆ ಎಷ್ಟು ದೂರ ಹೋಗಬೇಕು, ಇವೆಲ್ಲ ಅವಳ ಊರು ಕೇರಿಯನ್ನು ಅವಲಂಬಿಸಿದ ಮಾತು. ಮಗು ಹುಟ್ಟಿದ ಮೇಲೂ ಅದೇ ಕೇರಿ ಅದನ್ನು ಬೆಳೆಸುತ್ತದೆ. ಹೀಗಾಗಿ ಈ ಅಧ್ಯಾಯವನ್ನು ಮೈಸೂರು ನಗರದಿಂದ ಆಚೆಗೆ, ಜಿಲ್ಲೆಯ ಪಶ್ಚಿಮದ ನಾಲ್ಕು ತಾಲ್ಲೂಕುಗಳಿಗೆ ಕರೆದೊಯ್ಯುತ್ತೇನೆ: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಮಕ್ಕಳ ಸಕ್ಕರೆ ಕಾಯಿಲೆ ಎಂದರೆ ಒಂದೇ ಕಾಯಿಲೆಯಲ್ಲ. ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬಿದ್ದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ಕೊಂದುಹಾಕುತ್ತದೆ. ಇನ್ಸುಲಿನ್ ಇಂಜೆಕ್ಷನ್ ಇಲ್ಲದೆ ಆ ಮಗು ಬದುಕುವುದಿಲ್ಲ. ತಾಯಿ ಸಿಹಿ ತಿನ್ನಿಸಿದ್ದರಿಂದ ಬಂತು ಎನ್ನುವುದು ಶುದ್ಧ ಸುಳ್ಳು. ಟೈಪ್ 2 ಎಂಬುದು ನಿಧಾನಕ್ಕೆ, ವರ್ಷಗಟ್ಟಲೆ ಕೂಡಿಬರುವ ಕಾಯಿಲೆ. ಹಳ್ಳಿಯ ಮಕ್ಕಳಲ್ಲಿ ಅದು ಪೂರ್ತಿ ಕಾಯಿಲೆಯಾಗಿ ಕಾಣುವುದು ಇನ್ನೂ ಅಪರೂಪ. ಆದರೆ ಅದರ ಅಡಿಪಾಯ ಬೀಳುವುದು ಬಾಲ್ಯದಲ್ಲೇ. 2016–18ರಲ್ಲಿ ದೇಶದಾದ್ಯಂತ ನಡೆದ ಮಕ್ಕಳ ಸಮಗ್ರ ಪೋಷಣಾ ಸಮೀಕ್ಷೆಯಲ್ಲಿ, ಶಾಲೆಗೆ ಹೋಗುವ ವಯಸ್ಸಿನ ಹತ್ತು ಮಕ್ಕಳಲ್ಲಿ ಒಬ್ಬರ ರಕ್ತ ಸಕ್ಕರೆ ಕಾಯಿಲೆಯ ಅಂಚಿನ ಮಟ್ಟದಲ್ಲಿತ್ತು.

‘ಸಣ್ಣ್ ಮಕ್ಳಿಗೆಲ್ಲಾ ಎಂಥ ಶುಗರವ್ವಾ? ನೋಡು, ಕಡ್ಡಿ ಇದ್ದಂಗವ್ನೆ!’ ಎಂದು ಅಜ್ಜಿ ಆಶಾ ಕಾರ್ಯಕರ್ತೆಗೆ ಹೇಳುವುದು ಈ ಸೀಮೆಯಲ್ಲಿ ಸಹಜ. ದಪ್ಪಗಿರುವವರಿಗೆ, ಉಳ್ಳವರಿಗೆ, ಪೇಟೆಯವರಿಗೆ ಬರುವ ಕಾಯಿಲೆ ಎಂಬುದು ಎಲ್ಲರ ನಂಬಿಕೆ. ಅಜ್ಜಿಯ ಕಣ್ಣಿಗೆ ಕಾಣುವುದು ಸುಳ್ಳಲ್ಲ, ಹುಡುಗ ಸಣಕಲೇ. ಅವನ ಒಳಗಿನದು ಕಣ್ಣಿಗೆ ಕಾಣುವುದಿಲ್ಲ. ಮೈಸೂರಿನಲ್ಲಿ ಹುಟ್ಟಿದ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಅಳೆದು ನೋಡಿದಾಗ ತೂಕ, ಉದ್ದ, ತೋಳು, ಹೊಟ್ಟೆ ಎಲ್ಲವೂ ಚಿಕ್ಕದಾಗಿದ್ದವು. ಬೆನ್ನಿನ ಮೇಲಿನ, ಹೆಗಲ ಮೂಳೆಯ ಕೆಳಗಿನ ಕೊಬ್ಬಿನ ಪದರ ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ತಮ್ಮ ಕಡೆಯ ಹಳ್ಳಿಗಳಲ್ಲಿ ಕಂಡದ್ದೂ ಇದನ್ನೇ. ಮಾಂಸಖಂಡ ಕಡಿಮೆ, ಕೊಬ್ಬು ಉಳಿಕೆ. ನಾವು ಉಂಡ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಮಾಂಸಖಂಡ. ಅದು ಕಡಿಮೆಯಿದ್ದಷ್ಟೂ ಸಕ್ಕರೆ ರಕ್ತದಲ್ಲೇ ಸುತ್ತುತ್ತದೆ, ಇನ್ಸುಲಿನ್ ಹೆಚ್ಚು ಸುರಿಯಬೇಕಾಗುತ್ತದೆ. ಬೀಟಾ ಕೋಶಗಳ ಸಂಖ್ಯೆಯೋ ಬಹುಮಟ್ಟಿಗೆ ಗರ್ಭದಲ್ಲಿ ಮತ್ತು ಮೊದಲ ಕೆಲವು ವರ್ಷಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಮೂರು ಎಚ್‌ಪಿ ಮೋಟರನ್ನು ಬಾವಿಗಿಳಿಸಿ, ಆಮೇಲೆ ಆರು ಎಕರೆ ಕಬ್ಬಿಗೆ ಹಗಲೂ ರಾತ್ರಿ ನೀರೆತ್ತು ಎಂದರೆ ಏನಾಗುತ್ತದೋ ಇದೂ ಹಾಗೆಯೇ. ಮೋಟರು ಸಣ್ಣದಾದದ್ದು ಒಂದು ಕಾಲದ ಕಥೆ, ಹೊಲ ಬೆಳೆದದ್ದು ಇನ್ನೊಂದು ಕಾಲದ ಕಥೆ. ಸುಟ್ಟುಹೋಗುವುದಕ್ಕೆ ಎರಡೂ ಸೇರಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ಎರಡೂ ಕಾಲ ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ಮೈಯಲ್ಲಿ ಕೂಡಿವೆ.

ಹುಣಸೂರು, ಪಿರಿಯಾಪಟ್ಟಣದ ಕೆಂಪು ನೆಲದ ಮುಖ್ಯ ಬೆಳೆ ಹೊಗೆಸೊಪ್ಪು. ಎಚ್.ಡಿ.ಕೋಟೆ, ಕೆ.ಆರ್.ನಗರದ ಮಳೆಯಾಶ್ರಿತ ಭಾಗಕ್ಕೂ ಅದು ಹಬ್ಬಿದೆ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಲ್ಲಿ ಹರಾಜು ಮಾರುಕಟ್ಟೆಗಳಿವೆ. ಇಲ್ಲಿನ ವರ್ಷವನ್ನು ಹೊಗೆಸೊಪ್ಪೇ ನಡೆಸುತ್ತದೆ. ಬೇಸಿಗೆಯಲ್ಲಿ ಸಸಿ ಮಡಿ, ಮೇ ತಿಂಗಳ ಮಳೆಗೆ ನಾಟಿ, ಜುಲೈ ಬಂತೆಂದರೆ ಎಲೆ ಮುರಿಯುವ ಕೆಲಸ. ಬೆಳಕು ಹರಿಯುವ ಮುಂಚೆ ಹೊಲಕ್ಕಿಳಿದು, ಇಬ್ಬನಿಯಲ್ಲಿ ತೊಯ್ದ ಎಲೆಗಳನ್ನು ಮುರಿದು ಕಂಕುಳಲ್ಲಿ ಒಟ್ಟಿಕೊಂಡು ಬರುತ್ತಾರೆ. ಎಲೆಯನ್ನು ಕಾವಿನಲ್ಲಿ ಹದಗೊಳಿಸುವ ಬ್ಯಾರನ್ ಮುಂದೆ ಚಪ್ಪರದ ನೆರಳಲ್ಲಿ ಕೂತು ಆ ಎಲೆಗಳನ್ನು ಕೋಲಿಗೆ ಕಟ್ಟುವವರು ಹೆಚ್ಚಾಗಿ ಹೆಂಗಸರು. ಒಂದು ಬ್ಯಾರನ್ ಹದವಾಗಲು ಐದಾರು ದಿನ ಬೇಕು. ಅಷ್ಟೂ ದಿನ ಬೆಂಕಿಯ ಕಾವು ಏರುಪೇರಾಗದಂತೆ ರಾತ್ರಿಯೆಲ್ಲ ಕಾಯಬೇಕು. ಬಸುರಿಯರೂ ಈ ಕೆಲಸದಿಂದ ಹೊರತಾಗಿರುವುದಿಲ್ಲ. ಸುಗ್ಗಿಯಲ್ಲಿ ಕೈ ಸಾಲದು, ಕೂಲಿ ಬಿಡಲಾಗದು.

ಬಸುರಿಯ ದುಡಿಮೆಗೂ ಮಗುವಿನ ಗಾತ್ರಕ್ಕೂ ಇರುವ ನಂಟನ್ನು ಪುಣೆ ಬಳಿಯ ಆರು ಹಳ್ಳಿಗಳಲ್ಲಿ ಅಳೆದು ನೋಡಿದ್ದಾರೆ. ಹೊಲದ ಕೆಲಸ, ನೀರು ಹೊರುವುದು, ಮನೆಗೆಲಸ ಎಲ್ಲ ಸೇರಿ ದುಡಿಮೆ ಹೆಚ್ಚಿದ್ದ ತಾಯಂದಿರ ಕೂಸುಗಳು ಸಣ್ಣಗಿದ್ದವು. ಹಾಲು, ಹಣ್ಣು, ಸೊಪ್ಪು ಹೆಚ್ಚಾಗಿ ತಿಂದವರ ಕೂಸುಗಳು ಚೆನ್ನಾಗಿ ಬೆಳೆದಿದ್ದವು. ಸೊಪ್ಪಿನ ಮಾತು ಬಂದಾಗ ಹುಣಸೂರಿನ ಹೊಲವನ್ನು ಹತ್ತಿರದಿಂದ ನೋಡಬೇಕು. ರಾಗಿ ಹೊಲವೆಂದರೆ ಹಿಂದೆ ಬರೀ ರಾಗಿಯ ಹೊಲವಲ್ಲ. ನಡುನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಬದುವಿನ ಮೇಲೆ, ಸಾಲಿನ ಸಂದಿಯಲ್ಲಿ ತಾನಾಗಿ ಹುಟ್ಟಿದ ಅಣ್ಣೆಸೊಪ್ಪು, ಕಿರಕಸಾಲೆ, ದಗ್ಗಲ. ಕಳೆ ಕೀಳಲು ಹೋದವಳು ಸಂಜೆ ಮಡಿಲು ತುಂಬ ಬೆರಕೆ ಸೊಪ್ಪು ತಂದು ಉಪ್ಪೆಸರು ಮಾಡುತ್ತಿದ್ದಳು. ದುಡ್ಡು ಕೊಡದೆ ಸಿಗುತ್ತಿದ್ದ ಕಬ್ಬಿಣಾಂಶ, ಫೋಲೇಟ್, ನಾರು ಅದು. ಹೊಗೆಸೊಪ್ಪಿನ ಹೊಲ ಒಂಟಿ ಬೆಳೆಯದು. ಅಲ್ಲಿ ಅಕ್ಕಡಿಗೆ ಜಾಗವಿಲ್ಲ, ಔಷಧಿ ಹೊಡೆದ ನೆಲದ ಕಳೆಯನ್ನು ಸಾರಿಗೆ ಹಾಕುವಂತಿಲ್ಲ. ಹರಾಜಿನ ದುಡ್ಡು ಬರುವುದು ತಿಂಗಳುಗಳ ನಂತರ, ಬಂದ ದುಡ್ಡಿನಲ್ಲಿ ಸಾಲ ತೀರಿಸಿ ಉಳಿದದ್ದರಲ್ಲಿ ಸೊಪ್ಪನ್ನು ಸಂತೆಯಿಂದ ಕೊಂಡು ತರಬೇಕು. ರೈತ ಹೊಗೆಸೊಪ್ಪು ಬೆಳೆಯುವುದು ಹುಡುಗಾಟಕ್ಕಲ್ಲ. ಮಳೆ ನಂಬಿದ ಕೆಂಪು ನೆಲದಲ್ಲಿ ಇಷ್ಟು ಖಚಿತವಾಗಿ ದುಡ್ಡು ತರುವ ಇನ್ನೊಂದು ಬೆಳೆಯನ್ನು ನಾವು ಅವನ ಕೈಗೆ ಕೊಟ್ಟಿಲ್ಲ. ಆದರೂ ಊಟದ ತಟ್ಟೆಯಲ್ಲಿ ಆದ ನಷ್ಟವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಇನ್ನೊಂದು ಅಂಶವಿದೆ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ಎಲೆ ಮುರಿದ ದಿನ ತಲೆ ತಿರುಗುವುದು, ವಾಂತಿಯಾಗುವುದು ಇದರಿಂದಲೇ. ಗರ್ಭಿಣಿ ಇಲಿಗಳಿಗೆ ನಿಕೋಟಿನ್ ಕೊಟ್ಟು ನೋಡಿದ ಕೆನಡಾದ ಸಂಶೋಧಕರಿಗೆ, ಹುಟ್ಟಿದ ಮರಿಗಳಲ್ಲಿ ಬೀಟಾ ಕೋಶಗಳು ಸತ್ತಿರುವುದು ಕಂಡಿತು. ಬೆಳೆದಂತೆ ಆ ಮರಿಗಳ ರಕ್ತದ ಸಕ್ಕರೆ ಹತೋಟಿ ತಪ್ಪಿತು. ಇಲಿಯಲ್ಲಿ ಕಂಡದ್ದನ್ನು ಮನುಷ್ಯರ ಮೇಲೆ ಹಾಗೇ ಹೇರುವಂತಿಲ್ಲ. ಆದರೆ ಬಸುರಿಯನ್ನು ಹಸಿ ಎಲೆಯ ಕೆಲಸದಿಂದ ದೂರವಿಡಲು ಇಷ್ಟು ಅನುಮಾನ ಸಾಕು ಎಂಬುದು ನನ್ನ ಅಭಿಪ್ರಾಯ. ದೂರವಿಡುವುದೆಂದರೆ ಅವಳ ಕೂಲಿಯನ್ನು ಯಾರಾದರೂ ತುಂಬಿಕೊಡಬೇಕು ಎಂದೂ ಅರ್ಥ.

ಹುಟ್ಟಿದ ಮಗು ಶಾಲೆಗೆ ಬರುತ್ತದೆ. ‘ಬೆಳಿಗ್ಗೆ ಏನ್ ತಿಂದ್ಕೊಂಡ್ ಬಂದ್ಯೋ?’ ಎಂದು ಮೇಡಂ ಕೇಳಿದರೆ, ‘ಟೀ, ಬನ್ನು ಮಿಸ್.’ ಅಮ್ಮ ಆರು ಗಂಟೆಗೇ ಎಲೆ ಮುರಿಯಲು ಹೋಗಿರುತ್ತಾಳೆ. ಶಾಲೆಯ ಗೇಟಿನ ಎದುರಿಗೆ ಪೆಟ್ಟಿಗೆ ಅಂಗಡಿ. ಮೇಲಿಂದ ಇಳಿಬಿಟ್ಟ ಐದು ರೂಪಾಯಿ ಪ್ಯಾಕೆಟ್ಟುಗಳ ಸರ, ಗಾಜಿನ ಡಬ್ಬದಲ್ಲಿ ಬಣ್ಣದ ಮಿಠಾಯಿ, ಐಸ್‌ಪೆಟ್ಟಿಗೆಯಲ್ಲಿ ಹತ್ತು ಇಪ್ಪತ್ತು ರೂಪಾಯಿಯ ಬಾಟಲಿ ಜ್ಯೂಸು. 250 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ದಿನಕ್ಕೆ 1400 ಕ್ಯಾಲರಿ ಬೇಕಾದ ಆರೇಳು ವರ್ಷದ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮೇಲಿನ ಮಿತಿ 35 ಗ್ರಾಂ. ಅದರ ಅರ್ಧಕ್ಕೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ. ಬೆಳಗಿನ ಟೀ, ಬನ್ನು, ಒಂದು ಬಾಟಲಿ: ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ಇಡೀ ದಿನದ ಪಾಲು ಮುಗಿದಿರುತ್ತದೆ. ಆ ಅಂಗಡಿಯಲ್ಲಿ ಹಿಂದೆ ಸೀಬೆ, ನೆಲ್ಲಿಕಾಯಿ, ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದರು. ಅವು ಕೊಳೆಯುತ್ತವೆ, ಪ್ಯಾಕೆಟ್ಟು ಕೊಳೆಯುವುದಿಲ್ಲ. ಸಣ್ಣ ಬಂಡವಾಳದ ಅಂಗಡಿಯಮ್ಮ ಯಾವುದನ್ನು ಇಡುತ್ತಾಳೆ ಎಂಬುದು ಅವಳ ಗುಣದ ಪ್ರಶ್ನೆಯಲ್ಲ.

ಕೆ.ಆರ್.ನಗರದ ಕಡೆ ಚಿತ್ರ ಬೇರೆ. ಕಾವೇರಿಯ ನಾಲೆಗಳು ಹರಿಯುವ ಭತ್ತದ ನಾಡು ಅದು, ಕಬ್ಬೂ ಉಂಟು. ಚುಂಚನಕಟ್ಟೆಯಲ್ಲಿ ಸಕ್ಕರೆ ಕಾರ್ಖಾನೆಯನ್ನೇ ಕಟ್ಟಿದರು. ತಟ್ಟೆಯಲ್ಲಿ ಮೂರು ಹೊತ್ತೂ ಬಿಳಿ ಅನ್ನ. 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಮಳೆಯ ನೆಲದ ಹಳ್ಳಿಗಳಲ್ಲೂ ಅನ್ನದ ಪಾಲು ಏರಿತು. ಆ ಅಕ್ಕಿ ಹಸಿವನ್ನು ಓಡಿಸಿದೆ, ಅದನ್ನು ಹೀಗಳೆಯುವವರ ಜೊತೆ ನಾನಿಲ್ಲ. ಅನ್ನದ ಪಕ್ಕದಲ್ಲಿ ಏನಿದೆ ಎಂಬುದಷ್ಟೇ ಪ್ರಶ್ನೆ. ಒಂದು ಹಿಡಿ ಹುರುಳಿ, ಸೊಪ್ಪಿನ ಸಾರು, ಮೊಟ್ಟೆ ಇದ್ದರೆ ಅದೇ ಅನ್ನ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಮಗುವಿನ ಮಾಂಸಖಂಡ ಕಟ್ಟಲು ಸಾಮಾನೂ ಸಿಗುತ್ತದೆ. ತಿಳಿಸಾರು ಮಾತ್ರ ಇದ್ದರೆ ಹೊಟ್ಟೆ ತುಂಬುತ್ತದೆ, ಅಷ್ಟೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, 65 ಮಂದಿಗೆ ರಕ್ತಹೀನತೆ. ಅದೇ ಹೊತ್ತಿಗೆ ದೊಡ್ಡವರ ಕಡೆ ನೋಡಿ: 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಪ್ರಕಾರ ದೇಶದ ನಗರಗಳಲ್ಲಿ ಸಕ್ಕರೆ ಕಾಯಿಲೆ ನೂರಕ್ಕೆ 16.4, ಹಳ್ಳಿಗಳಲ್ಲಿ 8.9. ಕಾಯಿಲೆಯ ಅಂಚಿನಲ್ಲಿರುವವರು ಮಾತ್ರ ನಗರದಲ್ಲಿ 15.4, ಹಳ್ಳಿಯಲ್ಲಿ 15.2. ಅಂಚಿಗೆ ಬರುವುದರಲ್ಲಿ ಹಳ್ಳಿ ಹಿಂದೆ ಬಿದ್ದಿಲ್ಲ.

ಇಲ್ಲಿ ಒಬ್ಬ ಓದುಗರು ತಡೆದು ಕೇಳಬಹುದು: ಬಡ ಕೇರಿಯಲ್ಲಿ ಬಡವರಿರುತ್ತಾರೆ, ಅವರಿಗೆ ಕಾಯಿಲೆ ಹೆಚ್ಚು, ಅದು ಬಡತನದ ತಪ್ಪೇ ಹೊರತು ಕೇರಿಯ ತಪ್ಪು ಹೇಗೆ? ಸರಿಯಾದ ಪ್ರಶ್ನೆ. ಇದಕ್ಕೆ ಉತ್ತರ ಬೇಕಾದರೆ ಒಂದೇ ತರಹದ ಜನರನ್ನು ಬೇರೆ ಬೇರೆ ಕೇರಿಗಳಲ್ಲಿ ಇಟ್ಟು ನೋಡಬೇಕು, ಅದೂ ಅವರ ಇಷ್ಟಕ್ಕೆ ಬಿಡದೆ. ಅಂಥ ಪ್ರಯೋಗ ಎರಡು ಕಡೆ ನಡೆದಿದೆ. 1994ರಿಂದ 1998ರವರೆಗೆ ಅಮೆರಿಕದ ಐದು ನಗರಗಳಲ್ಲಿ, ಕಡುಬಡವರ ಸರ್ಕಾರಿ ವಸತಿಯಲ್ಲಿದ್ದ 4498 ತಾಯಂದಿರ ನಡುವೆ ಚೀಟಿ ಎತ್ತಿ, ಕೆಲವರಿಗೆ ಬಡತನ ಕಡಿಮೆ ಇರುವ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿಯಲು ನೆರವು ಕೊಟ್ಟರು. ಹತ್ತು–ಹದಿನೈದು ವರ್ಷದ ನಂತರ ರಕ್ತ ಪರೀಕ್ಷಿಸಿದರೆ, ಆ ನೆರವು ಸಿಕ್ಕವರಲ್ಲಿ ಸಕ್ಕರೆ ಕಾಯಿಲೆಯ ಮಟ್ಟ ಮುಟ್ಟಿದವರು ನೂರಕ್ಕೆ ನಾಲ್ಕರಷ್ಟು ಕಡಿಮೆ. ಸ್ವೀಡನ್ನಿನಲ್ಲಿ 1987–91ರ ನಡುವೆ ಬಂದ ಅರವತ್ತೊಂದು ಸಾವಿರ ನಿರಾಶ್ರಿತರನ್ನು ಸರ್ಕಾರವೇ ಊರೂರಿಗೆ ಹಂಚಿ ಕೂರಿಸಿತ್ತು. ಹಿಂದುಳಿದ ಬಡಾವಣೆಗೆ ಬಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 15ರಷ್ಟು ಹೆಚ್ಚಿತ್ತು. ಇವರೆಲ್ಲ ದೊಡ್ಡವರು, ಊರುಗಳೂ ಬೇರೆ. ಆದರೂ ಕೇರಿಗೆ ತನ್ನದೇ ಆದ ಕೈವಾಡ ಇದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಸಿಗುವುದು ಕಷ್ಟ.

ಮಕ್ಕಳ ಮಟ್ಟಿಗೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬ್ರಿಟನ್ನಿನ ಸಕ್ಕರೆ ಪಡಿತರದ ಕಥೆ. ಎರಡನೇ ಮಹಾಯುದ್ಧದಲ್ಲಿ ಶುರುವಾದ ಪಡಿತರ ಸಕ್ಕರೆಗೆ ಮುಗಿದದ್ದು 1953ರ ಸೆಪ್ಟೆಂಬರಿನಲ್ಲಿ. ಮುಗಿದದ್ದೇ ತಡ, ಜನ ತಿನ್ನುವ ಸಕ್ಕರೆ ಹೆಚ್ಚೂಕಡಿಮೆ ದುಪ್ಪಟ್ಟಾಯಿತು. ಆ ತಿಂಗಳಿನ ಈಚೆ ಆಚೆ ಹುಟ್ಟಿದವರನ್ನು ಹೋಲಿಸಿ ಮಾಡಿದ ಅಧ್ಯಯನ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಗರ್ಭದಲ್ಲಿ ಮತ್ತು ಮೊದಲ ಎರಡು ವರ್ಷ ಪಡಿತರದಲ್ಲಿ ಬೆಳೆದವರಿಗೆ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ ಸುಮಾರು ನೂರಕ್ಕೆ 35ರಷ್ಟು ಕಡಿಮೆ. ಬಂದವರಿಗೂ ಅದು ಬಂದದ್ದು ನಾಲ್ಕು ವರ್ಷ ತಡವಾಗಿ. ಇದು ಉಪದೇಶದಿಂದ, ತರಬೇತಿಯಿಂದ ಆದದ್ದಲ್ಲ. ಬೀದಿಯ ಅಂಗಡಿಯಲ್ಲಿ ಬೇಕಾದಷ್ಟು ಸಕ್ಕರೆ ಸಿಗುತ್ತಿರಲಿಲ್ಲ, ಅಷ್ಟೇ.

ಎಚ್.ಡಿ.ಕೋಟೆಯ ಆದಿವಾಸಿ ಹಾಡಿಗಳಿಗೆ ಬಂದರೆ ಇಷ್ಟು ಹೊತ್ತು ಹೇಳಿದ ಕಥೆ ಪೂರ್ತಿ ಹೊಂದುವುದಿಲ್ಲ. ಜೇನುಕುರುಬರು, ಕಾಡುಕುರುಬರು, ಯರವರು, ಸೋಲಿಗರು ಕಾಡಿನ ಗೆಡ್ಡೆ ಗೆಣಸು, ಕಳಲೆ, ಅಣಬೆ, ಜೇನು, ಬೇಟೆಯ ಮೇಲೆ ಬದುಕಿದವರು. 1972ರ ವನ್ಯಜೀವಿ ಕಾಯ್ದೆ, ನಾಗರಹೊಳೆಯ ರಕ್ಷಿತಾರಣ್ಯ, 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟು ಇವೆಲ್ಲ ಸೇರಿ ಅವರ ಅಡುಗೆಮನೆಯನ್ನೇ ಕಿತ್ತುಕೊಂಡವು. ಈಗ ಕೊಡಗಿನ ಕಾಫಿ ತೋಟದ ಲೈನ್‌ಮನೆಗೂ ಹಾಡಿಗೂ ನಡುವೆ ಓಡಾಟ. ಜೊತೆಗೆ ಮಕ್ಕಳೂ ಹೋಗುತ್ತವೆ. ಇಲ್ಲಿ ಕೊಬ್ಬಿಗಿಂತ ಹಸಿವಿನದೇ ಚಿಂತೆ. ಆದರೆ ಹಸಿವು ಸಕ್ಕರೆ ಕಾಯಿಲೆಯಿಂದ ಕಾಪಾಡುತ್ತದೆ ಎಂದುಕೊಂಡರೆ ಮೋಸಹೋದಂತೆ. ಬಾಲ್ಯದ ಅಪೌಷ್ಟಿಕತೆಯಿಂದ ಬರುವ, ಸಣಕಲು ಯುವಕರಲ್ಲಿ ಕಾಣುವ ಸಕ್ಕರೆ ಕಾಯಿಲೆಯನ್ನು ಜಮೈಕಾದಲ್ಲಿ 1955ರಷ್ಟು ಹಿಂದೆಯೇ ವೈದ್ಯರು ಗುರುತಿಸಿದ್ದರು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೊಂದು ಪ್ರತ್ಯೇಕ ಜಾಗ ಕೊಟ್ಟಿತು, 1999ರಲ್ಲಿ ಪಟ್ಟಿಯಿಂದ ತೆಗೆದುಹಾಕಿತು. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ನ್ಯೂಯಾರ್ಕಿನ ಮೆರೆಡಿತ್ ಹಾಕಿನ್ಸ್ ಜೊತೆ ಸೇರಿ 2022ರಲ್ಲಿ ತೋರಿಸಿದ್ದು, ಈ ರೋಗಿಗಳ ದೇಹ ಇನ್ಸುಲಿನ್ನಿಗೆ ಮೊಂಡಾಗಿಲ್ಲ, ಇನ್ಸುಲಿನ್ನೇ ಸಾಲದಷ್ಟು ಕಡಿಮೆ ಒಸರುತ್ತದೆ ಎಂದು. 2025ರಲ್ಲಿ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ ಇದನ್ನು ಟೈಪ್ 5 ಎಂದು ಒಪ್ಪಿಕೊಂಡಿತು. ಈ ರೋಗಿಗೆ ಟೈಪ್ 1 ಎಂದು ಭಾವಿಸಿ ಮನಬಂದಂತೆ ಇನ್ಸುಲಿನ್ ಕೊಟ್ಟರೆ ಸಕ್ಕರೆ ಪಾತಾಳಕ್ಕಿಳಿದು ಪ್ರಾಣಕ್ಕೆ ಬರಬಹುದು, ಅದರಲ್ಲೂ ಮುಂದಿನ ಊಟ ಖಾತ್ರಿಯಿಲ್ಲದ ಮನೆಯಲ್ಲಿ.

ಹಾಡಿಯಲ್ಲಿ ಪರೀಕ್ಷೆಯೂ ದಾರಿ ತಪ್ಪಿಸಬಲ್ಲದು. ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಕೆಂಪು ರಕ್ತಕಣದ ಆಯಸ್ಸನ್ನು ನಂಬಿಕೊಂಡದ್ದು. ಕುಡಗೋಲು ಕಣ ರಕ್ತಹೀನತೆ ಈ ಭಾಗದ ಆದಿವಾಸಿಗಳಲ್ಲಿದೆ. ಅದರಲ್ಲಿ ಕಣಗಳು ಬೇಗ ಸಾಯುವುದರಿಂದ ಸಕ್ಕರೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಹೆಚ್ಚು ಕಾಣುತ್ತದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇರುವ ನಾಡಿನಲ್ಲಿ ಒಂದೇ ಅಂಕಿ ನೋಡಿ ತೀರ್ಪು ಕೊಡಬಾರದು. ದೇಶದ ಸಮೀಕ್ಷೆಯ ‘ಹತ್ತಕ್ಕೊಂದು’ ಎಂಬ ಲೆಕ್ಕವನ್ನೂ ಇದೇ ಎಚ್ಚರದಿಂದ ಓದಬೇಕು.

ಟೈಪ್ 1ಕ್ಕೆ ಕೇರಿ ಕಾರಣವಲ್ಲ. ಆದರೆ ಆ ಮಗು ಉಳಿಯುತ್ತದೆಯೋ ಇಲ್ಲವೋ ಎಂಬುದನ್ನು ಬಹುಪಾಲು ಕೇರಿಯೇ ನಿರ್ಧರಿಸುತ್ತದೆ. ಕರ್ನಾಟಕದ ದಾಖಲೆಯಲ್ಲಿ ವರ್ಷಕ್ಕೆ ಒಂದು ಲಕ್ಷ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಹೊಸದಾಗಿ ಟೈಪ್ 1 ಬರುತ್ತದೆ. ಅಂದರೆ ಒಬ್ಬ ಹಳ್ಳಿ ವೈದ್ಯರಿಗೆ ವರ್ಷಗಟ್ಟಲೆ ಇಂಥ ಒಂದು ಮಗುವೂ ಎದುರಾಗದೆ ಇರಬಹುದು. ಎದುರಾದ ದಿನ ಗುರುತು ಸಿಗುವುದು ಹೇಗೆ? ಮಗು ಮೊದಲು ಚೊಂಬುಗಟ್ಟಲೆ ನೀರು ಕುಡಿಯುತ್ತದೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು ನಿಂತಿದ್ದ ಹುಡುಗ ಮತ್ತೆ ಶುರುಮಾಡುತ್ತಾನೆ. ಉಣ್ಣುತ್ತಾನೆ, ಸೊರಗುತ್ತಾನೆ. ಬಚ್ಚಲಿನಲ್ಲಿ ಇರುವೆ ಮುತ್ತುತ್ತವೆ. ಆಮೇಲೆ ಒಂದು ದಿನ ಹೊಟ್ಟೆನೋವು, ವಾಂತಿ, ಏದುಸಿರು. ಮನೆಯವರು ದೃಷ್ಟಿ ತೆಗೆಯುತ್ತಾರೆ, ಆಗಲೂ ಸರಿಹೋಗದಿದ್ದರೆ ಹತ್ತಿರದ ಕ್ಲಿನಿಕ್ಕಿಗೆ ಎತ್ತಿಕೊಂಡು ಓಡುತ್ತಾರೆ. ‘ಸುಸ್ತಾಗವ್ನೆ, ಒಂದ್ ಗ್ಲೂಕೋಸ್ ಹಾಕ್ಬುಡಿ ಡಾಕ್ಟ್ರೇ’ ಎಂದು ಅಪ್ಪನೇ ಕೇಳುತ್ತಾನೆ. ರಕ್ತದಲ್ಲಿ ಸಕ್ಕರೆ ಆಗಲೇ ನಾನೂರು, ಐನೂರು ಇರುವ ಮಗುವಿಗೆ ಪರೀಕ್ಷಿಸದೆ ಏರಿಸಿದ ಗ್ಲೂಕೋಸ್ ಬಾಟಲಿ ಸಾವನ್ನು ಹತ್ತಿರ ತರುತ್ತದೆ. ಬೆರಳು ಚುಚ್ಚಿ ಒಂದು ಸ್ಟ್ರಿಪ್ಪಿಗೆ ರಕ್ತದ ಹನಿ ಮುಟ್ಟಿಸಿದರೆ ಐದಾರು ಸೆಕೆಂಡಿನಲ್ಲಿ ಉತ್ತರ ಸಿಗುತ್ತದೆ. ಸುಸ್ತಾದ, ವಾಂತಿ ಮಾಡುವ ಯಾವ ಮಗುವಿಗೂ ಆ ಹನಿ ರಕ್ತ ನೋಡದೆ ಬಾಟಲಿ ಏರಿಸಬಾರದು ಎಂಬ ಒಂದೇ ನಿಯಮವನ್ನು ಪ್ರತಿ ಕ್ಲಿನಿಕ್ಕಿನ ಗೋಡೆಗೂ ಅಂಟಿಸಬೇಕೆಂದು ನನ್ನ ಆಸೆ.

ಗುರುತು ಸಿಕ್ಕ ಮೇಲಿನ ದಾರಿಯೂ ಊರಿಂದೂರಿಗೆ ಬೇರೆ. ಕೆ.ಆರ್.ನಗರದಿಂದ ಮೈಸೂರಿಗೆ ರೈಲೂ ಉಂಟು, ಬಸ್ಸೂ ಉಂಟು. ಕಬಿನಿ ದಂಡೆಯ ಡಿ.ಬಿ.ಕುಪ್ಪೆಯಂಥ ಊರಿನಿಂದ ನಾಗರಹೊಳೆಯ ಕಾಡು ದಾಟಬೇಕು. ಸಂಜೆಯ ಮೇಲೆ ಆ ರಸ್ತೆಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಆಸ್ಪತ್ರೆ ಇರುವುದು ಈ ಕಡೆಯವರಿಗೆ ದೊಡ್ಡ ಆಸರೆ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸಂಸ್ಥೆ ಅದು. ಇನ್ನು ಮನೆಯಲ್ಲಿ ಇನ್ಸುಲಿನ್ ಕೆಡದಂತೆ ಇಡಬೇಕು. ಫ್ರಿಜ್ ಇಲ್ಲದ, ಕರೆಂಟು ಪದೇ ಪದೇ ಹೋಗುವ ಮನೆಗೆ ಎರಡು ಮಡಕೆ ಸಾಕು: ದೊಡ್ಡದರೊಳಗೆ ಚಿಕ್ಕದು, ನಡುವೆ ಒದ್ದೆ ಮರಳು, ಮೇಲೊಂದು ಒದ್ದೆ ಬಟ್ಟೆ. ಬಳಸುತ್ತಿರುವ ಸೀಸೆಯನ್ನು ಒಣ ಡಬ್ಬಿಯಲ್ಲಿ ಹಾಕಿ ಅದರೊಳಗಿಟ್ಟು ನೆರಳಲ್ಲಿರಿಸಿದರೆ ಬೇಸಿಗೆಯಲ್ಲೂ ತಂಪಾಗಿರುತ್ತದೆ. ಫ್ರಿಜ್ ಇದ್ದವರೂ ಐಸ್ ಕಟ್ಟುವ ಪೆಟ್ಟಿಗೆಯಲ್ಲಿ ಇಡಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಟೈಪ್ 2ರ ದಾರಿಯನ್ನು ತಡೆಯುವ ಕೆಲಸ ಬಸುರಿಯಿಂದಲೇ ಶುರುವಾಗಬೇಕು, ಅದಕ್ಕೆ ಸಾಧನ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಇದೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುವುದು. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ. ಉಪವಾಸ ಬರಬೇಕಾಗಿಲ್ಲ ಎಂಬುದು ಇದರ ದೊಡ್ಡ ಅನುಕೂಲ, ಏಕೆಂದರೆ ಹೊಟ್ಟೆಗೆ ತಿನ್ನದೆ ಬಸ್ಸು ಹತ್ತಿ ಬಾ ಎಂದರೆ ಯಾವ ಬಸುರಿಯೂ ಬರುವುದಿಲ್ಲ. ಮೊದಲ ಭೇಟಿಯಲ್ಲೊಮ್ಮೆ, ಆರನೇ ತಿಂಗಳ ಹೊತ್ತಿಗೆ ಇನ್ನೊಮ್ಮೆ ಮಾಡಬೇಕು. ಆರನೇ ತಿಂಗಳು ಎಲೆ ಮುರಿಯುವ ಸುಗ್ಗಿಗೆ ಬಿದ್ದರೆ ಎರಡನೇ ಪರೀಕ್ಷೆ ತಪ್ಪಿಹೋಗುತ್ತದೆ. ಎರಡು ಗಂಟೆ ಕಾಯುವುದೆಂದರೆ ಅರ್ಧ ದಿನದ ಕೂಲಿ. ಹಾಗಾಗಿ ಪರೀಕ್ಷೆಯೇ ಬ್ಯಾರನ್ ಬಳಿಗೆ, ಅಂಗನವಾಡಿಗೆ ಬರಬೇಕು. ಪಾರ್ಥೆನಾನ್ ಅಧ್ಯಯನದಲ್ಲಿ ಇನ್ನೊಂದು ಸುಳಿವೂ ಸಿಕ್ಕಿತ್ತು: ತಾಯಂದಿರಲ್ಲಿ ನೂರಕ್ಕೆ 43 ಮಂದಿಗೆ ಬಿ12 ಜೀವಸತ್ವದ ಕೊರತೆ, ಕೊರತೆ ಇದ್ದವರಲ್ಲಿ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಹೆಚ್ಚು. ಬಿ12 ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ. 2017ರಲ್ಲಿ ರಾಜ್ಯವ್ಯಾಪಿಯಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟದ ಜೊತೆ ಹಾಲು ಮೊಟ್ಟೆ ಇಟ್ಟದ್ದು, 2024ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರದ ಆರು ದಿನ ಮೊಟ್ಟೆ ಕೊಡತೊಡಗಿದ್ದು ಹಸಿವಿಗೆ ಮಾತ್ರವಲ್ಲ, ಈ ಕಾಯಿಲೆಗೂ ಮದ್ದು. ಮೊಟ್ಟೆಯ ಸುತ್ತ ಎಬ್ಬಿಸುವ ಜಗಳದಲ್ಲಿ ಈ ಮಾತು ಯಾರ ಕಿವಿಗೂ ಬೀಳುತ್ತಿಲ್ಲ.

ಶಾಲೆಯ ಗೇಟಿನ ಅಂಗಡಿಗೂ ಒಂದು ನಿಯಮ ಈಗಾಗಲೇ ಇದೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು, ಜಾಹೀರಾತನ್ನೂ ಹಾಕಬಾರದು ಎಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಇದನ್ನು ಅಂಗಡಿಯಮ್ಮನ ಮೇಲೆ ದಂಡ ಹಾಕುವ ಕೋಲಾಗಿ ಬಳಸುವುದು ನನಗೆ ಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿಯೂ ಗ್ರಾಮ ಪಂಚಾಯಿತಿಯೂ ಅವಳ ಜೊತೆ ಕೂತು, ಪ್ಯಾಕೆಟ್ಟಿನ ಜಾಗದಲ್ಲಿ ಬೇಯಿಸಿದ ಕಡಲೆ, ಸೀಬೆ, ಮಜ್ಜಿಗೆ ಇಟ್ಟರೆ ಆಗುವ ನಷ್ಟವನ್ನು ಮೊದಲ ಕೆಲವು ತಿಂಗಳು ಹೇಗೆ ಹಂಚಿಕೊಳ್ಳುವುದು ಎಂದು ಮಾತಾಡಿದರೆ ಆಯಿತು. ಟೇಪು ಹಿಡಿದು ಗೇಟಿನಿಂದ 50 ಮೀಟರ್ ಅಳೆಯಲು ಒಂದು ಬಿಡುವಿನ ಪೀರಿಯಡ್ಡು ಸಾಕು. ಏಳನೇ ತರಗತಿಯ ಮಕ್ಕಳೇ ಅಳೆದು, ಆ ವೃತ್ತದೊಳಗೆ ಏನೇನು ಮಾರುತ್ತಾರೆ, ಯಾವುದರಲ್ಲಿ ಎಷ್ಟು ಗ್ರಾಂ ಸಕ್ಕರೆ ಎಂದು ಪ್ಯಾಕೆಟ್ಟಿನ ಹಿಂಭಾಗ ಓದಿ ಬರೆದು, ಗ್ರಾಮಸಭೆಯಲ್ಲಿ ಓದಿ ಹೇಳಲಿ.